ಬಿಸಿಯಾಗಿ ನಿಂತ ಕ್ಯಾಂಪರ್ ವ್ಯಾನ್: ಸೆಲ್ಫ್ ಹೊಡೆಯುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಮನೆ. ಹಳೆಯ ಡೀಸೆಲ್ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ತೆಗೆಸಿ, ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದೇವೆ. ಮೇ ಕೊನೆಯಲ್ಲಿ ಮನೆಯವರೆಲ್ಲ ಸೇರಿ ಮುಳ್ಳೇರಿಯ, ಬಂದಡ್ಕ ದಾಟಿ ರಾಣಿಪುರಕ್ಕೆ ಹೊರಟೆವು. ಪನತ್ತಡಿಯಿಂದ ಮೇಲೆ ಏರುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಲು ಜಾಗ ಹುಡುಕುತ್ತಿದ್ದ ಹಾಗೆ ಮುಳ್ಳು ತಾನಾಗಿಯೇ ಕೆಳಗೆ ಬಂತು. ಸರಿಯಾಯಿತು ಅಂದುಕೊಂಡು ಇನ್ನೂ ಎರಡು ಕಿಲೋಮೀಟರ್ ಹೋದೆವು. ಆಮೇಲೆ ಎಳೆತ ಕಡಿಮೆಯಾಗಿ ಎಂಜಿನ್ ತಾನೇ ನಿಂತಿತು. ಬಾನೆಟ್ ಎತ್ತಿದರೆ ಬರೀ ಹಬೆ. ರೇಡಿಯೇಟರ್‌ನ ಮೇಲಿನ ಹೋಸ್ ಸೀಳಿತ್ತು. ತಣಿದ ಮೇಲೆ ಹತ್ತಿರದ ಮನೆಯಿಂದ ನೀರು ತಂದು ಹೊಯ್ದೆವು, ಅರ್ಧ ಹೊರಗೇ ಹೋಯಿತು. ಕೊನೆಗೆ ಎಳೆಸಿಕೊಂಡು ಮನೆಗೆ ತಂದೆವು. ಆಮೇಲೆ ಸ್ಟಾರ್ಟ್ ಮಾಡಿಲ್ಲ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚೋಣ ಅನ್ನುತ್ತಾರೆ. ಇನ್ನೊಬ್ಬರು ಎಂಜಿನ್ ಜಾಮ್, ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವುದೇ ಒಳ್ಳೆಯದು ಅನ್ನುತ್ತಾರೆ. ಹೋಸ್ ಬದಲಿಸಿ ನೀರು ತುಂಬಿ ಸೆಲ್ಫ್ ಹೊಡೆದರೆ ಗೊತ್ತಾಗುತ್ತದಲ್ಲ ಅನ್ನುವುದು ಭಾವನ ಮಾತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾಗೇ ಕಾಣುತ್ತದೆ, ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆಯ ಹಾಗೆ ಏನೋ ಇದೆ. ರೇಡಿಯೇಟರ್‌ಗೆ ನಾವು ಯಾವಾಗಲೂ ಮನೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರನ್ನೇ ಹಾಕುವುದು. ಎಂಜಿನ್ ನಿಜವಾಗಿ ಹೋಗಿದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ಮನೆಗೆ ತಂದ ಮೇಲೆ ಸೆಲ್ಫ್ ಹೊಡೆಯದೆ ಬಿಟ್ಟಿದ್ದೀರಲ್ಲ, ಅದು ತುಂಬ ಒಳ್ಳೆಯದಾಯಿತು. ಇನ್ನೂ ಕೆಲವು ದಿನ ಹಾಗೇ ಇರಲಿ. ಕೀ ತೆಗೆದು ಒಳಗಿಡಿ, ಭಾವನಿಗೂ ಹೇಳಿಡಿ.

ಅವರು ಮೂವರೂ ಹೇಳಿದ್ದು ಆಗಿರಬಹುದಾದ ಸಂಗತಿಗಳೇ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದ ಹಾಗೆ ಕೂರಿಸುವ ಹಾಳೆ, ಹೋಗಿರಬಹುದು. ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ಎಂಜಿನ್ ಜಾಮ್ ಆಗಿರಬಹುದು. ಹೋಸ್ ಒಂದು ಬಿಟ್ಟರೆ ಬೇರೇನೂ ಆಗದೆಯೂ ಇರಬಹುದು. ಆದರೆ ಯಾರೂ ಇನ್ನೂ ಏನನ್ನೂ ಅಳೆದು ನೋಡಿಲ್ಲ. ಅಳೆಯದೆ ಹೆಡ್ ಬಿಚ್ಚಿದರೆ ಬೇಡದ ಖರ್ಚು. ಅಳೆಯದೆ ಸ್ಟಾರ್ಟ್ ಮಾಡಿದರೆ ಸಣ್ಣ ಪೆಟ್ಟು ದೊಡ್ಡದಾಗಬಹುದು. ಆದ್ದರಿಂದ ಎಂಜಿನ್ ತಿರುಗಿಸದೆ ನೋಡಬಹುದಾದದ್ದನ್ನು ಮೊದಲು ನೋಡೋಣ. ಆಮೇಲೆ ಕೈಯಲ್ಲಿ ತಿರುಗಿಸಿ ನೋಡುವುದು, ಆಮೇಲೆ ಸೆಲ್ಫ್‌ನಲ್ಲಿ, ಕಡೆಗೆ ಸ್ಟಾರ್ಟ್. ಈ ಕ್ರಮವನ್ನು ಬಿಡಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಚಿಂತೆಗೆ ಹಚ್ಚಿದ್ದು ಆ ಮುಳ್ಳು ತಾನಾಗಿಯೇ ಕೆಳಗೆ ಬಂದ ವಿಷಯ. ಟೆಂಪರೇಚರ್ ಸೆನ್ಸರ್ ಅಳೆಯುವುದು ಎಂಜಿನ್ನಿನ ಲೋಹದ ಬಿಸಿಯನ್ನಲ್ಲ, ತನ್ನ ಸುತ್ತ ಇರುವ ನೀರಿನ ಬಿಸಿಯನ್ನು. ನೀರು ಇರುವಷ್ಟು ಹೊತ್ತು ಅದು ನಿಜ ಹೇಳುತ್ತದೆ. ಹೋಸ್ ಸೀಳಿ ನೀರೆಲ್ಲ ಹೊರಗೆ ಹೋದಾಗ ಸೆನ್ಸರ್ ಸುತ್ತ ಉಳಿಯುವುದು ಬರೀ ಹಬೆ ಮತ್ತು ಗಾಳಿ. ಆಗ ಮುಳ್ಳು ಇಳಿಯಬಹುದು. ಅಂದರೆ ನೀವು ಸರಿಯಾಯಿತು ಅಂದುಕೊಂಡ ಹೊತ್ತಿಗೇ ಎಂಜಿನ್ನಿನಲ್ಲಿ ನೀರು ಖಾಲಿಯಾಗಿತ್ತು. ಆ ಎರಡು ಕಿಲೋಮೀಟರ್ ಏರನ್ನು ಅದು ನೀರಿಲ್ಲದೆ, ಲೋಡ್ ಮೇಲೆ ಹತ್ತಿದೆ. ಹೀಗೆ ಮೋಸಹೋಗುವವರು ಬಹಳ ಜನ. ಮುಳ್ಳು ಕೆಂಪಿಗೆ ಹೋಗಿ ಇಳಿದರೆ ಅದು ನಿಲ್ಲಿಸಲೇಬೇಕಾದ ಗುರುತು ಅಂತ ಮನೆಯಲ್ಲಿ ವ್ಯಾನ್ ಓಡಿಸುವವರೆಲ್ಲರಿಗೂ ಗೊತ್ತಿರಲಿ.

ನೀರಿಲ್ಲದಾಗ ಒಳಗೆ ಆಗುವುದೇನು? ಈಗಿನ ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಬ್ಲಾಕ್ ಬೀಡು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 100 ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ. ಅಷ್ಟೇ ಉದ್ದದ ಬ್ಲಾಕ್ ಹಿಗ್ಗುವುದು ಅರ್ಧ ಮಿಲಿಮೀಟರ್‌ನಷ್ಟು. ಬೋಲ್ಟ್‌ಗಳು ಹೆಡ್ಡನ್ನು ಬಿಗಿಯಾಗಿ ಹಿಡಿದಿರುತ್ತವೆ. ಹಿಗ್ಗಲು ಜಾಗವಿಲ್ಲದೆ ಅದು ನಡುವೆ ಬಾಗುತ್ತದೆ. ನಡುವಿನ ಗ್ಯಾಸ್ಕೆಟ್ ಒಂದು ಕಡೆ ಹಿಂಡಿಹೋಗುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ. ವಾಲ್ವ್‌ಗಳ ನಡುವಿನ ಕಿರಿದಾದ ಜಾಗದಲ್ಲಿ ಬಿರುಕು ಬಿಡಬಹುದು. ಇದು ಹೆಡ್ಡಿನ ಕಥೆ. ಕೆಳಗೆ ಆಯಿಲ್ ತೆಳ್ಳಗಾಗಿ ಪಿಸ್ಟನ್ ಗೋಡೆಗೆ ಉಜ್ಜಲು ಶುರುಮಾಡುತ್ತದೆ, ಪಿಸ್ಟನ್ ಸುತ್ತ ಇರುವ ರಿಂಗ್‌ಗಳು ಬಿಗಿ ಕಳೆದುಕೊಳ್ಳುತ್ತವೆ, ಬೇರಿಂಗ್‌ಗಳಿಗೂ ಏಟು ಬೀಳಬಹುದು. ಆದ್ದರಿಂದ ನಾವು ಎರಡು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಹುಡುಕಬೇಕು. ಮೇಲೆ ಏನಾಗಿದೆ? ಕೆಳಗೆ ಏನಾಗಿದೆ? ಮೇಲಿನದು ಮಾತ್ರ ಹೋಗಿದ್ದರೆ ರಿಪೇರಿ ಮಾಡಿಸಬಹುದು. ಕೆಳಗಿನದೂ ಹೋಗಿದ್ದರೆ ಲೆಕ್ಕ ಬೇರೆ.

ಎಂಜಿನ್ ತಾನೇ ನಿಂತಿತು ಅಂದಿದ್ದೀರಿ. ಇದಕ್ಕೆ ಎರಡು ಅರ್ಥ ಬರಬಹುದು. ಒಂದು, ಬಿಸಿಗೆ ಪಿಸ್ಟನ್ ಹಿಗ್ಗಿ ಹಿಡಿದುಕೊಂಡದ್ದು. ಇನ್ನೊಂದು, ಕಂಪ್ಯೂಟರ್ ಇರುವ ಕಾಮನ್ ರೈಲ್ ಎಂಜಿನ್ ಆಗಿದ್ದರೆ ಬಿಸಿ ಕಂಡು ಅದೇ ಡೀಸೆಲ್ ಕಡಿಮೆ ಮಾಡಿದ್ದು. ಎಳೆತ ಕಡಿಮೆಯಾಗುವುದಕ್ಕೆ ಇದೂ ಕಾರಣ ಆಗುತ್ತದೆ. ನಿಮ್ಮದು ಅಂಥ ಎಂಜಿನ್ ಆದರೆ ಸ್ಕ್ಯಾನರ್ ಇರುವ ವರ್ಕ್‌ಶಾಪ್‌ನವರನ್ನು ಕರೆಸಿ ಕೋಡ್ ಓದಿಸಿ. ಇದಕ್ಕೆ ಕೀ ಆನ್ ಮಾಡಿದರೆ ಸಾಕು, ಸ್ಟಾರ್ಟ್ ಬೇಡ. ಪಿ 0217 ಅಂತ ಬಂದರೆ ಎಂಜಿನ್ ಅತಿಯಾಗಿ ಬಿಸಿಯಾದದ್ದು ದಾಖಲಾಗಿದೆ ಅಂತ ಅರ್ಥ. ಆ ಹೊತ್ತಿನ ನೀರಿನ ಬಿಸಿ, ವೇಗ, ಲೋಡ್ ಕೂಡ ಕೆಲವೊಮ್ಮೆ ಅದರ ಜೊತೆ ಉಳಿದಿರುತ್ತದೆ. ಅದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಅಳಿಸಲು ಬಿಡಬೇಡಿ.

ಈಗ ಆಯಿಲ್. ಮುಚ್ಚಳದ ಬಿಳಿ ಕೆನೆ ನೋಡಿ ಹೆದರಿದ್ದೀರಿ. ನಮ್ಮ ಊರಿನ ಹವೆಯಲ್ಲಿ, ಅದೂ ಮಳೆ ಶುರುವಾಗುವ ಹೊತ್ತಿಗೆ, ಆ ಕೆನೆ ಒಂದನ್ನೇ ನಂಬುವ ಹಾಗಿಲ್ಲ. ಪೇಟೆಗೆ ಹೋಗಿ ಬರುವಂಥ ಸಣ್ಣ ಓಟಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಗಾಳಿಯ ತೇವ ಮುಚ್ಚಳದ ಒಳಗೆ ನೀರಾಗಿ ಆಯಿಲ್ ಜೊತೆ ಕಲೆತು ಕೆನೆಯಾಗುತ್ತದೆ. ಗ್ಯಾಸ್ಕೆಟ್ ಚೆನ್ನಾಗಿರುವ ಗಾಡಿಗಳಲ್ಲೂ ಇದು ಕಾಣುತ್ತದೆ.

ಡಿಪ್‌ಸ್ಟಿಕ್ ಚೆನ್ನಾಗಿದೆ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಬೇಕಾದರೆ ನೀರು ಬಿದ್ದ ಮೇಲೂ ಎಂಜಿನ್ ತಿರುಗಬೇಕು, ಎರಡೂ ಕಡೆಯಬೇಕು. ನಿಮ್ಮ ಎಂಜಿನ್ ನಿಂತೇ ಹೋಯಿತು. ಆಮೇಲೆ ನೀವು ಹೊಯ್ದ ನೀರು ಸಿಲಿಂಡರ್ ಮೂಲಕವೋ ಬಿರುಕಿನ ಮೂಲಕವೋ ಕೆಳಗಿಳಿದಿದ್ದರೆ ಅದು ಆಯಿಲ್ ಜೊತೆ ಬೆರೆತಿರುವುದಿಲ್ಲ. ನೀರು ಆಯಿಲ್‌ಗಿಂತ ಭಾರ. ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರ್‌ನ ತಳದಲ್ಲಿ ಸುಮ್ನೆ ಕೂತಿರುತ್ತದೆ. ಡಿಪ್‌ಸ್ಟಿಕ್ ಅದನ್ನು ಮುಟ್ಟುವುದೇ ಇಲ್ಲ. ಮಟ್ಟ ಮೊದಲಿಗಿಂತ ಏರಿದೆಯಾ ಅನ್ನುವುದನ್ನು ಮಾತ್ರ ಡಿಪ್‌ಸ್ಟಿಕ್ ಹೇಳಬಲ್ಲದು.

ಹಾಗಾಗಿ ಹೀಗೆ ಮಾಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ. ಕೆಳಗೆ ಒಂದು ಸ್ವಚ್ಛ ಪಾತ್ರೆ, ಕೈಯಲ್ಲಿ ಒಂದು ಗಾಜಿನ ಬಾಟಲಿ. ಚೇಂಬರ್‌ನ ಡ್ರೈನ್ ಬೋಲ್ಟನ್ನು ಮೆಲ್ಲ ಸಡಿಲಿಸಿ, ಪೂರ್ತಿ ತೆಗೆಯದೆ ಮೊದಲು ಬರುವ ಹನಿಗಳನ್ನು ಬಾಟಲಿಯಲ್ಲಿ ಹಿಡಿಯಿರಿ. ಮೊದಲು ನೀರು ಬಂದು ಆಮೇಲೆ ಕಪ್ಪು ಆಯಿಲ್ ಬಂದರೆ ನೀರು ಒಳಗೆ ಇಳಿದಿರುವುದು ಖಚಿತ. ಬರೀ ಆಯಿಲ್ ಬಂದರೆ ಒಂದು ಸಂಶಯ ಕಡಿಮೆಯಾಯಿತು. ಏನೇ ಬರಲಿ, ಆ ಆಯಿಲ್ ಮತ್ತೆ ಉಪಯೋಗಕ್ಕೆ ಬಾರದು. ಪೂರ್ತಿ ಇಳಿಸಿಬಿಡಿ, ಫಿಲ್ಟರನ್ನೂ ತೆಗೆಯಿರಿ.

ಆ ಹಳೆಯ ಫಿಲ್ಟರನ್ನು ಎಸೆಯಬೇಡಿ. ಅದರೊಳಗಿನ ಕಾಗದದ ಮಡಿಕೆಗಳಲ್ಲಿ ಎಂಜಿನ್ನಿನ ಕೆಳಭಾಗದ ವರದಿಯೇ ಇದೆ. ಡಬ್ಬಿ ಫಿಲ್ಟರ್ ಆದರೆ ಆಕ್ಸಾ ಬ್ಲೇಡಿನಿಂದ ಕುಯ್ಯಬೇಡಿ, ಬ್ಲೇಡಿನ ಪುಡಿಯೇ ಒಳಗೆ ಸೇರಿ ದಾರಿ ತಪ್ಪಿಸುತ್ತದೆ. ಪುಡಿ ಬೀಳದ ಹಾಗೆ ಫಿಲ್ಟರ್ ಕಟ್ಟರ್‌ನಲ್ಲಿ ಅಂಚು ಕತ್ತರಿಸಿ. ಕಾಗದವನ್ನು ಬಿಡಿಸಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಮಿಣುಕು ಇದ್ದರೆ ಹಳೆಯ ಎಂಜಿನ್‌ಗೆ ಅದು ಸಹಜ. ತೆಳು ಹಾಳೆಯಂಥ ಚೂರುಗಳು ಕಂಡರೆ ಒಂದು ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣದ್ದು, ಅಂದರೆ ರಿಂಗ್ ಅಥವಾ ಸಿಲಿಂಡರ್ ಗೋಡೆಯ ಕಡೆಯದು. ಅಂಟದೆ ಬೆಳ್ಳಗೆ ಹೊಳೆದರೆ ಪಿಸ್ಟನ್ ಅಥವಾ ಬೇರಿಂಗ್. ತಾಮ್ರದ ಬಣ್ಣ ಇದ್ದರೆ ಬೇರಿಂಗ್ ಆಳದವರೆಗೆ ಸವೆದಿದೆ. ಅಷ್ಟು ಸಿಕ್ಕಿದರೆ ಹೆಡ್ ಮಾತ್ರ ರಿಪೇರಿ ಮಾಡಿ ಕೂರಿಸುವ ಯೋಚನೆ ಬಿಡಿ.

ಇನ್ನು ಸೆಲ್ಫ್ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ಗ್ಯಾಸ್ಕೆಟ್ ಹೋಗಿದ್ದರೆ ನೀವು ಹೊಯ್ದ ನೀರು ಯಾವುದಾದರೂ ಸಿಲಿಂಡರ್‌ನೊಳಗೆ ಪಿಸ್ಟನ್ ಮೇಲೆ ನಿಂತಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ತುಂಬ ಕಡಿಮೆ. ಅಲ್ಲಿ ಸ್ವಲ್ಪ ನೀರಿದ್ದರೂ ಸಾಕು, ಸೆಲ್ಫ್ ಕೊಟ್ಟ ಕೂಡಲೇ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಗ್ಯಾಸ್ಕೆಟ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಆಗ ಪೂರ್ತಿ ಎಂಜಿನ್ ಕೆಲಸ ಆಗುತ್ತದೆ. ಭಾವನ ಸಲಹೆಯಲ್ಲಿ ನನಗೆ ಇರುವ ಭಯ ಇದೊಂದೇ.

ಆದ್ದರಿಂದ ಕೈಯಲ್ಲಿ ತಿರುಗಿಸಿ. ಮೊದಲು ನಾಲ್ಕೂ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಪ್ಲಗ್) ಬಿಚ್ಚಬೇಕು. ಎಂಜಿನ್ ತಣ್ಣಗಿರಬೇಕು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬಲ ಹಾಕಿ ಮುರಿದರೆ ಹೆಡ್ ಬಿಚ್ಚಿಯೇ ತೆಗೆಯಬೇಕಾಗಬಹುದು. ಬಿಡಿಸಲು ಆಗದಿದ್ದರೆ ಹಟ ಮಾಡದೆ ಅನುಭವ ಇರುವವರನ್ನು ಕರೆಯಿರಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿಯ ವಯರ್ ತೆಗೆದಿಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಕೊಟ್ಟು ಉದ್ದ ಹಿಡಿಯಿಂದ ಎಂಜಿನ್ ಓಡುವ ದಿಕ್ಕಿಗೇ ಮೆಲ್ಲ ತಿರುಗಿಸಿ. ಎರಡು ಪೂರ್ತಿ ಸುತ್ತು ಬಂದರೆ ನಾಲ್ಕೂ ಸಿಲಿಂಡರ್ ಒಂದೊಂದು ಸಲ ಕಂಪ್ರೆಷನ್ನಿಗೆ, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಹಂತಕ್ಕೆ, ಬಂದ ಹಾಗಾಯಿತು. ತಿರುಗಿಸುವಾಗ ಪ್ಲಗ್ಗಿನ ತೂತುಗಳ ಮೇಲೆ ಮುಖ ಬಗ್ಗಿಸಬೇಡಿ. ಯಾವುದಾದರೂ ತೂತಿನಿಂದ ನೀರು ಚಿಮ್ಮಿದರೆ ಉತ್ತರ ಅಲ್ಲೇ ಸಿಕ್ಕಿತು: ಆ ಸಿಲಿಂಡರಿಗೆ ನೀರು ಹೋಗಿದೆ. ನೀರಿಲ್ಲ, ಆದರೆ ಒಂದು ಜಾಗದಲ್ಲಿ ಮಾತ್ರ ಪ್ರತಿ ಸುತ್ತಿನಲ್ಲೂ ಬಿಗಿಯಾಗುತ್ತದೆ ಅಂದರೆ ಅಲ್ಲಿ ಪಿಸ್ಟನ್ ಉಜ್ಜಿರಬಹುದು. ಎಲ್ಲೂ ತಿರುಗದೆ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ. ಬೆಲ್ಟ್ ಕಳಚಿ ಮತ್ತೊಮ್ಮೆ ನೋಡಿ. ಕೆಲವು ಸಲ ಹಿಡಿದಿರುವುದು ವಾಟರ್ ಪಂಪೋ ಎಸಿ ಕಂಪ್ರೆಸರೋ ಆಗಿರುತ್ತದೆ. ಎಂಜಿನ್ ಜಾಮ್ ಅಂದವರು ಇದನ್ನು ನೋಡಿದ್ದಾರಾ ಅಂತ ಕೇಳಿ.

ಸಲೀಸಾಗಿ ತಿರುಗಿದರೆ ಸಮಾಧಾನ ಪಡಿ, ಆದರೆ ಅಷ್ಟಕ್ಕೇ ಗೆದ್ದೆವು ಅಂದುಕೊಳ್ಳಬೇಡಿ. ಬಿಸಿಗೆ ಹಿಡಿದ ಪಿಸ್ಟನ್ ತಣಿದ ಮೇಲೆ ಬಿಟ್ಟುಕೊಳ್ಳುವುದುಂಟು, ಗೀರುಗಳು ಮಾತ್ರ ಉಳಿಯುತ್ತವೆ. ಫೋನಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಸಿಗುತ್ತದಲ್ಲ, ಅದನ್ನು ಇಂಜೆಕ್ಟರ್ ತೂತಿನ ಮೂಲಕ ಇಳಿಸಿ ಗೋಡೆ ನೋಡಿದರೆ ಈ ಗೀರು ಕಾಣುತ್ತದೆ. ಒಂದು ಪಿಸ್ಟನ್ನಿನ ತಲೆ ಮಾತ್ರ ಮಸಿಯಿಲ್ಲದೆ ತೊಳೆದಿಟ್ಟ ಹಾಗೆ ಇದ್ದರೆ ಅಲ್ಲಿಗೆ ನೀರು ಬಹಳ ದಿನದಿಂದ ಹೋಗುತ್ತಿತ್ತು ಅಂತ ಅರ್ಥ. ಆಗ ಹೋಸ್ ಸೀಳಿದ್ದಕ್ಕೂ ಗ್ಯಾಸ್ಕೆಟ್ಟೇ ಮೂಲ ಕಾರಣ ಇರಬಹುದು. ಹೊಗೆಯ ಒತ್ತಡ ನೀರಿನ ದಾರಿಗೆ ನುಗ್ಗಿದರೆ ಹೋಸ್ ಉಬ್ಬಿ ಒಡೆಯುತ್ತದೆ.

ಮುಂದಿನದು ಪ್ರೆಷರ್ ಪರೀಕ್ಷೆ. ಹೊಸ ಹೋಸ್, ಹೊಸ ಕ್ಲಿಪ್ ಹಾಕಿ ನೀರು ತುಂಬಿ. ರೇಡಿಯೇಟರ್ ಮುಚ್ಚಳ ಕೆಲಸ ಮಾಡುವುದು ಪ್ರೆಷರ್ ಕುಕ್ಕರಿನ ಹಾಗೆ. ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟಾಗ ಬರೀ ನೀರೂ 100 ಡಿಗ್ರಿಗೆ ಕುದಿಯದೆ 120 ಡಿಗ್ರಿ ಹತ್ತಿರದವರೆಗೆ ತಡೆಯುತ್ತದೆ. ಆ ಮುಚ್ಚಳದ ಜಾಗಕ್ಕೆ ಗೇಜ್ ಇರುವ ಕೈ ಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ. ಜಾಸ್ತಿ ಬೇಡ. ಇಪ್ಪತ್ತು ನಿಮಿಷ ಬಿಡಿ. ಆ ಗೇಜಿನ ಮುಳ್ಳು ಇಳಿದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು, ಹೀಟರ್ ಹೋಸ್‌ಗಳು, ಎಲ್ಲ ನೋಡಿ. ಬಿಸಿಗೆ ಪ್ಲಾಸ್ಟಿಕ್ ಬಾಗುವುದು, ಪಂಪಿನ ಸೀಲ್ ಸುಡುವುದು ಸಾಮಾನ್ಯ. ಹೊರಗೆ ಒಂದು ಹನಿಯೂ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಹೀಟರ್ ಪ್ಲಗ್ ತೆಗೆದೇ ಇಟ್ಟು, ಒತ್ತಡ ಕೊಟ್ಟು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಕೈಯಲ್ಲಿ ತಿರುಗಿಸಿದರೆ ಯಾವ ಸಿಲಿಂಡರ್ ಅಂತಲೂ ತಿಳಿಯುತ್ತದೆ.

ಇಲ್ಲಿ ಒಂದು ಮಾತು. ನೀರಿನಲ್ಲಿ ಆಯಿಲ್, ಆಯಿಲ್‌ನಲ್ಲಿ ನೀರು ಕಂಡ ಕೂಡಲೇ ಎಲ್ಲರೂ ಹೆಡ್ ಗ್ಯಾಸ್ಕೆಟ್ ಅನ್ನುತ್ತಾರೆ. ಬಹಳ ಡೀಸೆಲ್ ಎಂಜಿನ್‌ಗಳಲ್ಲಿ ಫಿಲ್ಟರ್ ಹತ್ತಿರ ಆಯಿಲ್ ಕೂಲರ್ ಇರುತ್ತದೆ. ಅದರಲ್ಲಿ ಒಂದು ತಗಡಿನ ಆಚೆ ಆಯಿಲ್, ಈಚೆ ನೀರು. ಆ ತಗಡು ತೂತಾದರೂ ಇದೇ ಲಕ್ಷಣ. ಹಾಗೆಯೇ ಇಜಿಆರ್ ಕೂಲರ್ (ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಭಾಗ) ಇರುವ ಎಂಜಿನ್ನಿನಲ್ಲಿ ಅದು ಸೋರಿದರೆ ನೀರು ಕಡಿಮೆಯಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಗ್ಯಾಸ್ಕೆಟ್ ಮಾತ್ರ ಚೆನ್ನಾಗಿರುತ್ತದೆ. ಇವೆರಡನ್ನೂ ಕಳಚಿ ಬೇರೆಯಾಗಿ ಪರೀಕ್ಷೆ ಮಾಡಬಹುದು. ಹೆಡ್ ಬಿಚ್ಚುವ ಮೊದಲು ಇದನ್ನು ಕೇಳುವುದು ನಿಮ್ಮ ಹಕ್ಕು.

ಇಷ್ಟರವರೆಗೆ ಏನೂ ಕೆಟ್ಟದ್ದು ಕಾಣದಿದ್ದರೆ ಕಂಪ್ರೆಷನ್ ಪರೀಕ್ಷೆಗೆ ಸೆಲ್ಫ್ ಹೊಡೆಯಬಹುದು. ಬ್ಯಾಟರಿ ಮತ್ತೆ ಜೋಡಿಸಿ, ಹೊಸ ಆಯಿಲ್, ಫಿಲ್ಟರ್ ಹಾಕಿ, ಡೀಸೆಲ್ ಬರದ ಹಾಗೆ ಮಾಡಿ. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ಆಗದು. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 20ರಿಂದ 30 ಬಾರ್ ಬರುತ್ತದೆ, ಸರಿಯಾದ ಅಂಕಿ ನಿಮ್ಮ ಎಂಜಿನ್ನಿನ ಮ್ಯಾನುಯಲ್‌ನಲ್ಲಿರುತ್ತದೆ. ನಾನು ನೋಡುವುದು ಅಂಕಿಗಿಂತ ಜಾಸ್ತಿ ನಾಲ್ಕರ ನಡುವಿನ ವ್ಯತ್ಯಾಸವನ್ನು. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯ ಲಕ್ಷಣ. ಅಕ್ಕಪಕ್ಕದ ಎರಡು ಮಾತ್ರ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಬಹಳ. ಒಂದೇ ಒಂದು ಕಡಿಮೆ ಇದ್ದರೆ ಕಾರಣ ಗೊತ್ತಾಗುವುದಿಲ್ಲ, ಅಲ್ಲಿ ಗಾಳಿ ಬಿಟ್ಟು ನೋಡಬೇಕು. ಆ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು ನಿಲ್ಲಿಸಿ ಪ್ಲಗ್ ತೂತಿನಿಂದ ಗಾಳಿ ಕೊಡಿ, ಕಿವಿಗೊಡಿ. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ಆಯಿಲ್ ಮುಚ್ಚಳದಿಂದ ಸುಯ್ ಅಂದರೆ ರಿಂಗ್. ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆಯಿಂದ ಬಂದರೆ ಇನ್‌ಲೆಟ್ ವಾಲ್ವ್. ಎಂಜಿನ್ ಬಿಚ್ಚದೆ ಇಷ್ಟು ಸ್ಪಷ್ಟವಾಗಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಒಂದು ಎಚ್ಚರಿಕೆ ಮಾತ್ರ: ಪೆಟ್ರೋಲ್ ಎಂಜಿನ್ನಿಗೆ ಮಾಡುವ ಹಾಗೆ ಸಿಲಿಂಡರಿಗೆ ಆಯಿಲ್ ಹೊಯ್ದು ಮತ್ತೆ ಕಂಪ್ರೆಷನ್ ನೋಡಲು ಹೋಗಬೇಡಿ. ಡೀಸೆಲ್‌ನಲ್ಲಿ ಜಾಗ ಕಡಿಮೆ, ನೀರಿನ ವಿಷಯದಲ್ಲಿ ಹೇಳಿದ ಅಪಾಯವೇ ಇಲ್ಲೂ ಇದೆ.

ಇದೆಲ್ಲ ದಾಟಿದರೆ ಸ್ಟಾರ್ಟ್ ಮಾಡಬಹುದು. ಬೆಳಿಗ್ಗೆ, ತಣ್ಣಗಿನ ಎಂಜಿನ್. ಮೇಲಿನ ಹೋಸ್ ಹಿಡಿದುಕೊಂಡು ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. ಫ್ಯಾನ್, ಬೆಲ್ಟ್‌ನಿಂದ ಕೈ, ಬಟ್ಟೆ ದೂರ ಇರಲಿ. ನೀರು ಬಿಸಿಯಾಗುವ ಮೊದಲೇ ಒಂದೆರಡು ನಿಮಿಷದೊಳಗೆ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಒಳಗಿನ ಹೊಗೆ ನೀರಿಗೆ ಸೇರುತ್ತಿದೆ. ಕೂಡಲೇ ಆಫ್ ಮಾಡಿ. ನೀರು ತುಂಬಿದ ಹೊಸದರಲ್ಲಿ ಗುಳ್ಳೆ ಬರುವುದು ಬರೀ ಏರ್ ಲಾಕ್ ಇರಬಹುದು. ಗಾಳಿ ತೆಗೆದ ಮೇಲೂ ನಿಲ್ಲದೆ ಬಂದರೆ ಮಾತ್ರ ಸಂಶಯ ಪಡಿ. ಸೈಲೆನ್ಸರ್‌ನ ಬಿಳಿ ಹೊಗೆಯಲ್ಲಿ ಕಣ್ಣುರಿಯುವ ಡೀಸೆಲ್ ವಾಸನೆ ಇದ್ದರೆ ಸುಡದ ಡೀಸೆಲ್. ಕೂಲೆಂಟ್ ತುಂಬಿದ ಗಾಡಿಯಲ್ಲಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಆಯಿಲ್ ಪ್ರೆಷರ್ ಸ್ವಿಚ್ಚಿನ ಜಾಗಕ್ಕೆ ಗೇಜ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು ಒತ್ತಡ ಇದೆ ಅಂತ ಬರೆದುಕೊಳ್ಳಿ. ಬೇರಿಂಗ್‌ಗಳ ಬಗ್ಗೆ ಅದು ಹೇಳುತ್ತದೆ.

ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರಾವಣದ ಪರೀಕ್ಷೆಯೂ ಇದೆ. ಹೊಗೆಯ ಕಾರ್ಬನ್ ಡೈಆಕ್ಸೈಡ್ ತಾಗಿದರೆ ಅದು ಹಳದಿ ಕಡೆಗೆ ತಿರುಗುತ್ತದೆ. ಬಣ್ಣ ತಿರುಗಿದರೆ ನಂಬಿ. ತಿರುಗದಿದ್ದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಗಾಳಿ ಎಳೆಯುವುದರಿಂದ ಅದರ ಹೊಗೆಯಲ್ಲಿ ಈ ಅನಿಲ ಪೆಟ್ರೋಲ್ ಎಂಜಿನ್ನಿಗಿಂತ ಎಷ್ಟೋ ಕಡಿಮೆ. ಒಂದು ಸುತ್ತು ಓಡಿಸಿ ಬಂದ ಮೇಲೆ ಮಾಡಿದರೆ ಫಲ ಹೆಚ್ಚು. ಆದರೆ ಬಿಸಿ ಇರುವಾಗ ಮುಚ್ಚಳ ತೆರೆಯುವ ಕೆಲಸವನ್ನು ವರ್ಕ್‌ಶಾಪ್‌ನವರಿಗೇ ಬಿಡಿ.

ಪರೀಕ್ಷೆಗಳು ಹೆಡ್ ಕಡೆಗೇ ಬೆರಳು ತೋರಿಸಿದರೆ ಬಿಚ್ಚಬೇಕು. ಆಗ ಹೆಡ್ಡನ್ನು ಕಾಸರಗೋಡಿಗೋ ಮಂಗಳೂರಿಗೋ ಒಳ್ಳೆಯ ಲೇತ್‌ಗೆ ಕಳಿಸುತ್ತೀರಿ. ಅಲ್ಲಿ ಬರೀ ಫೇಸಿಂಗ್, ಅಂದರೆ ಮೇಲ್ಮೈ ಉಜ್ಜಿ ಸಮ, ಮಾಡಿ ಕೊಡಿ ಅನ್ನಬೇಡಿ. ಮೊದಲು ಬಾಗು ಅಳೆಯಿಸಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುತ್ತಾರೆ. ಉದ್ದಕ್ಕೆ 0.1 ಮಿ.ಮೀ., ಅಡ್ಡಕ್ಕೆ 0.05 ಮಿ.ಮೀ. ಆಸುಪಾಸಿಗೆ ಮಿತಿ ಇರುವುದು ಸಾಮಾನ್ಯ, ನಿಮ್ಮ ಎಂಜಿನ್ನಿನದು ಮ್ಯಾನುಯಲ್ ನೋಡಿ. ಬ್ಲಾಕ್‌ನ ಮೇಲ್ಮೈಯನ್ನೂ ಹಾಗೇ ಅಳೆಯಬೇಕು, ಇದನ್ನು ಮರೆಯುವವರೇ ಜಾಸ್ತಿ. ಆಮೇಲೆ ಹೆಡ್ಡನ್ನು ಬಿಸಿ ನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟು ಬಿರುಕು ನೋಡಿಸಿ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಗೆ ಬಾಯಿ ತೆರೆಯುತ್ತದೆ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ, ನಿಮ್ಮದು ನೀರಿಲ್ಲದೆ ಓಡಿದ ಎಂಜಿನ್ ಆದ್ದರಿಂದ. ಹೆಡ್ಡಿನ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಅದಕ್ಕೆ ಕೊಟ್ಟ ಬಿಸಿಯ ಸಂಸ್ಕಾರದಿಂದ. 200 ಡಿಗ್ರಿಗೂ ಎಷ್ಟೋ ಮೇಲೆ ಹೋಗಿ ನಿಂತರೆ ಆ ಗಟ್ಟಿತನ ಹೋಗುತ್ತದೆ. ಮೆತ್ತಗಾದ ಹೆಡ್ಡನ್ನು ಎಷ್ಟು ಚೆನ್ನಾಗಿ ಸಮ ಮಾಡಿದರೂ ಬೋಲ್ಟ್ ಬಿಗಿದಾಗ ಅದು ಕುಗ್ಗುತ್ತದೆ, ಹೊಸ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ರಿಪೇರಿ ಮಾಡಿಸಿ ಸ್ವಲ್ಪ ದಿನಕ್ಕೇ ಮತ್ತೆ ಅದೇ ತೊಂದರೆ ಬಂದ ಗಾಡಿಗಳಲ್ಲಿ ಇದು ಮುಖ್ಯ ಕಾರಣಗಳಲ್ಲೊಂದು. ಗಟ್ಟಿತನ ಅಳೆಯುವ ಉಪಕರಣ ಇದೆ. ಕೇಳಿ ಅಳೆಯಿಸಿ. ಮೆತ್ತಗಾಗಿದ್ದರೆ ಬೇರೆ ಹೆಡ್ ಹಾಕುವುದೇ ಸರಿ. ಡೀಸೆಲ್ ಹೆಡ್ಡನ್ನು ಎಷ್ಟು ಬೇಕಾದರೂ ಉಜ್ಜುವ ಹಾಗಿಲ್ಲ, ಪಿಸ್ಟನ್ ವಾಲ್ವಿಗೆ ತಾಗುತ್ತದೆ. ಗ್ಯಾಸ್ಕೆಟ್ಟಿನ ದಪ್ಪವನ್ನೂ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಅಂತ ಅಳೆದೇ ಆರಿಸಬೇಕು. ಗ್ಯಾಸ್ಕೆಟ್ಟಿನ ಅಂಚಿನಲ್ಲಿರುವ ಕಚ್ಚು ಅಥವಾ ತೂತುಗಳ ಲೆಕ್ಕ ಆ ದಪ್ಪವನ್ನು ಹೇಳುತ್ತದೆ. ಕೋನ ಅಳತೆಯಲ್ಲಿ ಬಿಗಿಯುವ ಹೆಡ್ ಬೋಲ್ಟ್ ಆದರೆ ಹೊಸದೇ ಹಾಕಿ.

ಸೆಕೆಂಡ್ ಹ್ಯಾಂಡ್ ಎಂಜಿನ್ ಮಾತು ಬರಬೇಕಾದ್ದು ಫಿಲ್ಟರಿನಲ್ಲಿ ಬೇರಿಂಗ್ ಚೂರು, ಗೋಡೆಯಲ್ಲಿ ಗೀರು, ರಿಂಗಿನ ಗಾಳಿ ಇವೆಲ್ಲ ಸೇರಿ ಕಂಡಾಗ. ಕೂರಿಸುವುದಾದರೆ ಆ ಎಂಜಿನ್ನಿಗೂ ಇದೇ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುವುದರಿಂದ ಬದಲಿಸುವ ಮೊದಲೇ ಕಾಸರಗೋಡು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಕಾಗದ ಸರಿಮಾಡಿಕೊಳ್ಳಿ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಯಂತ್ರ ಕೆಟ್ಟದ್ದಕ್ಕೆ ಹಣ ಸಿಗುವುದಿಲ್ಲ, ಅದನ್ನು ನೆಚ್ಚಿ ಲೆಕ್ಕ ಹಾಕಬೇಡಿ.

ಸುರಂಗದ ನೀರಿನ ವಿಷಯ. ನಮ್ಮ ಮುರಕಲ್ಲು ಗುಡ್ಡದ ನೀರು ಕುಡಿಯಲು ಅಮೃತ. ಆದರೆ ಅದರಲ್ಲಿ ತುಕ್ಕು ತಡೆಯುವ ಗುಣ ಇಲ್ಲ. ವರ್ಷಗಟ್ಟಲೆ ಬರೀ ನೀರಿನಲ್ಲಿ ಓಡಿದ ಎಂಜಿನ್ನಿನ ಒಳದಾರಿ ತುಕ್ಕು ಹಿಡಿದು ಕಿರಿದಾಗುತ್ತದೆ. ತೊಳೆಯಲು ಅದೇ ನೀರು ಸಾಕು. ಕೊನೆಗೆ ತುಂಬುವುದು ಮಾತ್ರ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ಉಪ್ಪಳ, ಮೊಗ್ರಾಲ್ ಕಡೆ ಕಡಲಿಗೆ ಹತ್ತಿರದ ಬಾವಿಗಳ ಉಪ್ಪು ನೀರನ್ನಂತೂ ಹಾಕಲೇಬೇಡಿ, ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ.

ಹೋಸ್ ಮಾತ್ರ ಬದಲಿಸಿ ಬಿಡಬೇಡಿ, ಅದು ಯಾಕೆ ಸೀಳಿತು ಅಂತಲೂ ನೋಡಿ. ಮುಚ್ಚಳದ ಸ್ಪ್ರಿಂಗ್ ಸಿಕ್ಕಿಕೊಂಡಿದೆಯಾ? ಥರ್ಮೋಸ್ಟಾಟನ್ನು ಬಿಸಿ ನೀರಿನಲ್ಲಿಟ್ಟರೆ ತೆರೆಯುತ್ತದಾ? ರೇಡಿಯೇಟರಿನ ಮುಂದೆ ಧೂಳು, ಹುಲ್ಲಿನ ಬೀಜ ತುಂಬಿದೆಯಾ? ಗ್ರಿಲ್ ಮುಂದೆ ಲೈಟ್, ಕಂಬಿ ಏನಾದರೂ ಗಾಳಿಗೆ ಅಡ್ಡ ಕೂರಿಸಿದ್ದೀರಾ? ಫ್ಯಾನ್ ಬಿಸಿಯಲ್ಲಿ ಪೂರ್ತಿ ಬಲದಿಂದ ಎಳೆಯುತ್ತದಾ? ಕ್ಯಾಂಪರ್ ಮಾಡಿದ ಮೇಲೆ ಗಾಡಿಯ ತೂಕ ಎಷ್ಟಾಗಿದೆ ಅಂತ ವೇ ಬ್ರಿಡ್ಜ್‌ನಲ್ಲಿ ತೂಗಿಸಿ, ಆರ್‌ಸಿಯಲ್ಲಿರುವ ಗರಿಷ್ಠ ತೂಕದ ಜೊತೆ ಹೋಲಿಸಿ. 100 ಲೀಟರ್ ನೀರು ಅಂದರೆ 100 ಕಿಲೋ. ರಾಣಿಪುರದಂಥ ಏರಿಗೆ ಹೋಗುವಾಗ ಟ್ಯಾಂಕನ್ನು ಗುಡ್ಡದ ಕೆಳಗೇ ತುಂಬಿಸಬೇಕಾಗಿಲ್ಲ, ಉಳಿದುಕೊಳ್ಳುವ ಜಾಗದಲ್ಲಿ ತುಂಬಿಸಬಹುದು. ಒಂದು ನೀರಿನ ಮಟ್ಟದ ಸೆನ್ಸರ್ ಮತ್ತು ಬಜರ್ ಕೂಡ ಹಾಕಿಸಿ. ಅದು ನೀರಿನ ಬಿಸಿಯನ್ನಲ್ಲ, ನೀರು ಇದೆಯಾ ಇಲ್ಲವಾ ಅನ್ನುವುದನ್ನು ನೋಡುತ್ತದೆ. ನಿಮ್ಮ ವ್ಯಾನಿನಲ್ಲಿ ಅದು ಇದ್ದಿದ್ದರೆ ಮುಳ್ಳು ಇಳಿದ ಹೊತ್ತಿಗೆ ಕೂಗುತ್ತಿತ್ತು.

ಡ್ರೈನ್ ಬೋಲ್ಟಿನಿಂದ ಮೊದಲು ಏನು ಬಂತು, ಕೈಯಲ್ಲಿ ಎಂಜಿನ್ ತಿರುಗಿತಾ, ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ ಎಷ್ಟೆಷ್ಟು, ಇಷ್ಟನ್ನು ಬರೆದು ಕಳಿಸಿ. ಹೆಡ್ ಬಿಚ್ಚಬೇಕಾ ಬೇಡವಾ ಅನ್ನುವುದನ್ನು ಆ ಅಂಕಿಗಳನ್ನು ನೋಡಿ ಹೇಳುತ್ತೇನೆ.